ಹೊಲದಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರ್: ದುರಸ್ತಿಯ ಕಿರುದೃಶ್ಯ ಕಟ್ಟುವ ಕ್ರಮ

ಯುದ್ಧಭೂಮಿಯಲ್ಲಿ ಕೆಟ್ಟು ನಿಂತ ಟ್ಯಾಂಕ್, ತೆರೆದ ಎಂಜಿನ್ ಮುಚ್ಚಳ, ಪಾನಾ ಹಿಡಿದ ಸೈನಿಕರು, ನೆಲದ ಮೇಲೆ ಹರಡಿದ ಬಿಡಿಭಾಗಗಳು: ಮಾದರಿ ಕಟ್ಟುವ ಹವ್ಯಾಸಿಗಳಿಗೆ ಇದು ಬಹಳ ಮೆಚ್ಚಿನ ವಸ್ತು. ಇಂಥ ದೃಶ್ಯವನ್ನು ಒಂದೇ ಅಳತೆಗೆ ಕುಗ್ಗಿಸಿ, ನೆಲ, ಗಿಡ, ಜನ ಸಮೇತ ಹಲಗೆಯ ಮೇಲೆ ಕಟ್ಟಿದರೆ ಅದೇ ಡಯೋರಾಮಾ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಇದಕ್ಕೆ ಕೈಹಾಕುವವರಿಗೆ ನನ್ನ ಸಲಹೆ ಇಷ್ಟು: ಮೊದಲ ಕೃತಿಗೆ ಟ್ಯಾಂಕ್ ಬೇಡ, ಹೊಲದಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರ್ ಇರಲಿ.

ಕಾರಣ ಸರಳ. ಟ್ಯಾಂಕ್ ಕಟ್ಟುವವರು ಹಳೆಯ ಫೋಟೋ ನೋಡಿ ಕಟ್ಟಬೇಕು. ಟ್ರ್ಯಾಕ್ಟರನ್ನು ನೀವು ಮುಟ್ಟಿ, ಟೇಪು ಹಿಡಿದು ಅಳೆಯಬಹುದು. ಬಿಚ್ಚುವ ಮಿಸ್ತ್ರಿಯನ್ನು ಕೇಳಬಹುದು. ಅದು ನಿಂತ ಮಣ್ಣನ್ನೇ ತಂದು ಹಲಗೆಯ ಮೇಲೆ ಹಾಕಬಹುದು. ಕೆಲಸದ ಕ್ರಮ ಬಲ್ಲವರು ಕಟ್ಟಿದ ದೃಶ್ಯ ನೋಡಿದ ಕೂಡಲೇ ನಂಬಿಕೆ ಹುಟ್ಟಿಸುತ್ತದೆ. ಆ ತಿಳಿವಳಿಕೆ ಹಳ್ಳಿಯವರಿಗೆ ಇದ್ದೇ ಇದೆ. ದುಬಾರಿ ಕಿಟ್ಟು ಇಲ್ಲದಿರುವುದು ದೊಡ್ಡ ಕೊರತೆಯಲ್ಲ.

ಕಿರಿದರಲ್ಲಿ ಹಿರಿದನ್ನು ಕಾಣಿಸುವ ಕಲೆ ಈ ಸೀಮೆಗೆ ಹೊಸದೂ ಅಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿ 1050ರ ಹೊತ್ತಿನದು. ಅದರ ಹೊರಗೋಡೆಯಲ್ಲಿ ಗುಡಿಯ ಶಿಖರಗಳೇ ಕಿರಿದಾಗಿ, ಪ್ರಮಾಣ ತಪ್ಪದೆ ಮೂಡಿವೆ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ಮಣ್ಣಿನ ನಾಗ ಸಿದ್ಧವಾಗುತ್ತವೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಶಿಲ್ಪಗಳಲ್ಲಿ ನಿಂತಿದೆ. ಡಯೋರಾಮಾ ಕಟ್ಟುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ಕೆಲಸ ಮಾಡುವ ಮನುಷ್ಯನ ಬೆನ್ನು ಹೇಗೆ ಬಾಗುತ್ತದೆ, ಕಣ್ಣು ಎಲ್ಲಿ ನೆಡುತ್ತದೆ ಎಂಬುದನ್ನು ಅಲ್ಲಿ ಸುತ್ತು ಹಾಕಿ ನೋಡಬಹುದು.

ಮೊದಲು ಕತೆ: ಏನು ಕೆಟ್ಟಿದೆ, ಯಾರಿಗೆ ಅವಸರ?

ಅಮೆರಿಕದ ಮಾದರಿಕಾರ ಶೆಪರ್ಡ್ ಪೇನ್ 1980ರಲ್ಲಿ ಡಯೋರಾಮಾ ಕಟ್ಟುವುದರ ಬಗ್ಗೆಯೇ ಒಂದು ಪುಸ್ತಕ ತಂದರು. ದೃಶ್ಯ ಕತೆ ಹೇಳಬೇಕು ಎಂಬುದು ಅವರ ಕೆಲಸದ ತಳಹದಿ. ದುರಸ್ತಿಯ ದೃಶ್ಯದಲ್ಲಿ ಕತೆ ಹುಡುಕಲು ಮೂರು ಪ್ರಶ್ನೆ ಸಾಕು. ಯಾವ ಭಾಗ ಕೆಟ್ಟಿದೆ? ಕೆಲಸ ಯಾವ ಹಂತಕ್ಕೆ ಬಂದಿದೆ? ತಡವಾದರೆ ಯಾರಿಗೆ ನಷ್ಟ?

ಮೂರನೆಯ ಪ್ರಶ್ನೆಗೆ ನವಲಗುಂದದ ಹಿಂಗಾರಿ ಹೊಲದಲ್ಲಿ ಚೆನ್ನಾದ ಉತ್ತರ ಸಿಗುತ್ತದೆ. ಮುಂಗಾರಿನ ಹೆಸರು ಬಂದು ಹೋಗಿರುತ್ತದೆ. ಅಕ್ಟೋಬರಿನಲ್ಲಿ ಕಡಲೆ ಬಿತ್ತನೆ. ಮಳೆ ಬಿದ್ದು ಎರೆಮಣ್ಣು ಹಿಡಿದಿಟ್ಟುಕೊಂಡ ಹಸಿಯೇ ಆ ಬೆಳೆಗೆ ಆಧಾರ. ಬಿಸಿಲು ಏರಿದಂತೆ ಮೇಲ್ಮಣ್ಣು ಒಣಗುತ್ತದೆ, ಬಿತ್ತುವ ಹದ ತಪ್ಪುತ್ತದೆ. ಅರ್ಧ ಹೊಲ ಬಿತ್ತಿ ಆಗಿದೆ, ಅರ್ಧ ಉಳಿದಿದೆ, ಟ್ರ್ಯಾಕ್ಟರ್ ನಟ್ಟನಡುವೆ ನಿಂತಿದೆ. ಒಂದು ಬದಿಗೆ ಕೂರಿಗಿಯ ಸಾಲು, ಇನ್ನೊಂದು ಬದಿಗೆ ಹೆಂಟೆಯ ಬರೀ ನೆಲ. ಬದುವಿನ ಮೇಲೆ ತೆರೆದಿಟ್ಟ ಬೀಜದ ಚೀಲ. ಇಷ್ಟು ಕಂಡರೆ ರೈತನ ಅವಸರ ಯಾರೂ ಹೇಳದೆ ತಿಳಿಯುತ್ತದೆ.

ಕೆಡುಕನ್ನು ನಿಮ್ಮ ಕೈಚಳಕಕ್ಕೆ ತಕ್ಕಂತೆ ಆರಿಸಿಕೊಳ್ಳಿ.

• ಮುಂದಿನ ಗಾಲಿಯ ಬೇರಿಂಗ್: ಹೊಸಬರಿಗೆ ಇದೇ ಸೂಕ್ತ. ಗಾಲಿ ಕಳಚಿದೆ, ಆಕ್ಸಲ್ ಜಾಕಿನ ಮೇಲೆ ನಿಂತಿದೆ, ಹಬ್ ತೆರೆದಿದೆ. ಟ್ರ್ಯಾಕ್ಟರಿನ ಒಳಭಾಗ ಕಟ್ಟುವ ಗೋಜಿಲ್ಲ.

• ಕ್ಲಚ್ ಪ್ಲೇಟ್: ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಬೋಲ್ಟು ಬಿಚ್ಚಿ ಟ್ರ್ಯಾಕ್ಟರನ್ನು ಎರಡು ಭಾಗ ಮಾಡಿದ ದೃಶ್ಯ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗುವುದರಿಂದ ಬಿಡಿಯಾದ ಎಂಜಿನ್ ಭಾಗ ಪಕ್ಕಕ್ಕೆ ವಾಲುತ್ತದೆ. ಅದಕ್ಕೇ ಆಕ್ಸಲ್ಲಿನ ಎರಡೂ ಕಡೆ ಕಟ್ಟಿಗೆಯ ಬೆಣೆ ಬಡಿದಿರುತ್ತಾರೆ. ಆ ಬೆಣೆ ಇಲ್ಲದಿದ್ದರೆ ಬಲ್ಲವರು ದೃಶ್ಯವನ್ನು ಒಪ್ಪುವುದಿಲ್ಲ. ಎಂಜಿನ್ ಹಿಂಭಾಗ, ಫ್ಲೈವೀಲ್, ಕ್ಲಚ್ ಎಲ್ಲವನ್ನೂ ಕಟ್ಟಬೇಕಾದ್ದರಿಂದ ಅನುಭವಿಗಳಿಗೆ ಮಾತ್ರ.

• ಹಸಿ ಎರೆಯಲ್ಲಿ ಹೂತ ಟ್ರ್ಯಾಕ್ಟರ್: ಹಿಂದಿನ ಗಾಲಿ ಆಕ್ಸಲ್ಲಿನವರೆಗೆ ಇಳಿದಿದೆ, ಇನ್ನೊಂದು ಟ್ರ್ಯಾಕ್ಟರ್ ಸರಪಳಿ ಹಾಕಿ ಎಳೆಯುತ್ತಿದೆ. ಎರಡು ಟ್ರ್ಯಾಕ್ಟರ್ ಬೇಕು, ಹಲಗೆಯೂ ಉದ್ದ ಬೇಕು.

ಈ ಲೇಖನ ಮೊದಲನೆಯದನ್ನೇ ಹಿಡಿದು ಸಾಗುತ್ತದೆ.

ಕೆಲಸದ ಕ್ರಮ ತಿಳಿದುಕೊಳ್ಳಿ

ಮುಂದಿನ ಗಾಲಿ ಬಿಚ್ಚುವಾಗ ಕೆಲಸ ಹೀಗೆ ನಡೆಯುತ್ತದೆ. ಹಿಂದೆ ಕಟ್ಟಿದ ಕೂರಿಗಿಯನ್ನು ನೆಲಕ್ಕೆ ಇಳಿಸುತ್ತಾರೆ. ಹಿಂದಿನ ಗಾಲಿಗಳಿಗೆ ಅಡ್ಡ ಕೊಡುತ್ತಾರೆ. ಜಾಕ್ ಮೆತ್ತನೆಯ ಮಣ್ಣಿನಲ್ಲಿ ಇಳಿಯದಂತೆ ಕೆಳಗೆ ಹಲಗೆ ಹಾಕುತ್ತಾರೆ. ಗಾಲಿ ನೆಲ ಬಿಡುವ ಮೊದಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕ್ ಏರಿಸಿ ಗಾಲಿ ತೆಗೆಯುತ್ತಾರೆ. ಬಳಿಕ ಹಬ್ಬಿನ ಮುಚ್ಚಳ, ಸೀಳುಪಿನ್ನು, ನಡುವಿನ ನಟ್ಟು, ಹೊರ ಬೇರಿಂಗ್, ಹಬ್, ಒಳ ಬೇರಿಂಗ್ ಇದೇ ಸಾಲಿನಲ್ಲಿ ಹೊರಬರುತ್ತವೆ.

ನೀವು ತೋರಿಸುವ ಗಳಿಗೆ ಈ ಸಾಲಿನ ಒಂದೇ ಬಿಂದುವಾಗಿರಬೇಕು. ಹಳೆಯ ಗ್ರೀಸ್ ಒರೆಸಿದ್ದಾಗಿದೆ, ಮಿಸ್ತ್ರಿ ಹೊಸ ಬೇರಿಂಗಿಗೆ ಗ್ರೀಸ್ ತುಂಬುತ್ತಿದ್ದಾನೆ ಎಂದುಕೊಳ್ಳಿ. ಆಗ ಗಾಲಿ ಪಕ್ಕದಲ್ಲಿ ಮಲಗಿರಬೇಕು. ನಟ್ಟು, ಪಿನ್ನು, ಮುಚ್ಚಳ ಗೊಬ್ಬರದ ಖಾಲಿ ಚೀಲದ ಮೇಲೆ ಬಿಚ್ಚಿದ ಸಾಲಿನಲ್ಲೇ ಇರಬೇಕು. ಮಣ್ಣು ತಾಕಿದ ಬೇರಿಂಗ್ ಮತ್ತೆ ಕೆಡುತ್ತದೆ, ಆದ್ದರಿಂದ ಯಾವ ಮಿಸ್ತ್ರಿಯೂ ಅದನ್ನು ಬರಿ ನೆಲದ ಮೇಲಿಡುವುದಿಲ್ಲ. ಹಬ್ ಇನ್ನೂ ಆಕ್ಸಲ್ಲಿನಲ್ಲೇ ಇದ್ದು ಒಳ ಬೇರಿಂಗ್ ಚೀಲದ ಮೇಲೆ ಕಂಡರೆ ಅದು ಆಗಲಾರದ ದೃಶ್ಯ.

ಇನ್ನೊಂದು ಎಚ್ಚರ: ಗಾಲಿಗೆ ಅಡ್ಡ ಕೊಡಲು ಕಲ್ಲು ಇಡುವ ಮುನ್ನ ಯೋಚಿಸಿ. ಆಳವಾದ ಎರೆಹೊಲದಲ್ಲಿ ದೊಡ್ಡ ಕಲ್ಲು ಸಿಗುವುದು ಅಪರೂಪ. ಕಟ್ಟಿಗೆಯ ದಿಮ್ಮಿ ಇಡಿ. ಕಲ್ಲೇ ಬೇಕಾದರೆ ರಸ್ತೆಯಿಂದ ತಂದಂತೆ ಒಂದೆರಡು ಸಾಕು. ಕಲಘಟಗಿಯ ಕೆಂಪು ನೆಲದಲ್ಲಿ ಈ ತೊಂದರೆ ಇಲ್ಲ.

ಹೊಲಕ್ಕೆ ಹೋಗಿ ಅಳೆಯಿರಿ

ಟೇಪು, ನೋಟ್‌ಬುಕ್ಕು, ಮೊಬೈಲು ಇದ್ದರೆ ಸಾಕು. ಯಾರದೇ ಟ್ರ್ಯಾಕ್ಟರಿನ ಹತ್ತಿರ ಹೋದಾಗ ಮೊದಲು ಕೇಳಿ: "ಅಣ್ಣಾರ, ಅಳತಿ ತಗೊಂಡು ನಾಲ್ಕು ಫೋಟೋ ಹೊಡ್ಕೊಳ್ಲೇನ್ರಿ?" ಕೆಲಸ ನಡೆದಾಗ ಅಡ್ಡ ಹೋಗಬಾರದು, ಜಾಕ್ ಮೇಲಿರುವ ಟ್ರ್ಯಾಕ್ಟರಿನ ಕೆಳಗಂತೂ ತಲೆ ಹಾಕಲೇಬಾರದು. ಮುಂದೆ, ಹಿಂದೆ, ಎರಡು ಪಕ್ಕ ನೇರವಾಗಿ ನಿಂತು ಫೋಟೋ ತೆಗೆಯಿರಿ. ಪ್ರತಿ ಫೋಟೋದಲ್ಲೂ ಅಳತೆ ಗೊತ್ತಿರುವ ಒಂದು ಕೋಲು ನಿಲ್ಲಿಸಿದರೆ ಮನೆಗೆ ಬಂದ ಮೇಲೂ ಉಳಿದ ಅಳತೆ ಲೆಕ್ಕ ಹಾಕಬಹುದು. ಗಾಲಿಯ ನಟ್ಟು ಎಷ್ಟು, ಹಿಂದಿನ ಟೈರಿನ ಹಲ್ಲು ಎಷ್ಟು ಎಂದು ಎಣಿಸಿ ಬರೆದುಕೊಳ್ಳಿ.

ಯುದ್ಧವಾಹನಗಳಿಗೆ 1:35, ವಿದೇಶಿ ಕೃಷಿ ಆಟಿಕೆಗಳಿಗೆ 1:32 ರೂಢಿಯ ಅಳತೆ. ಮನೆಯ ಸಾಮಾನಿನಿಂದ ಕೈಯಾರೆ ಕಟ್ಟುವವರಿಗೆ 1:24 ಹೆಚ್ಚು ಅನುಕೂಲ. ನಿಜದ ಅಳತೆಯನ್ನು 24ರಿಂದ ಭಾಗಿಸಿದರೆ ಮಾದರಿಯ ಅಳತೆ ಸಿಗುತ್ತದೆ.

• 3.4 ಮೀಟರ್ ಉದ್ದದ ಟ್ರ್ಯಾಕ್ಟರ್: ಸುಮಾರು 14 ಸೆಂ.ಮೀ.
• 13.6-28 ಅಳತೆಯ ಹಿಂದಿನ ಟೈರು: ಎತ್ತರ ಸುಮಾರು 5.5 ಸೆಂ.ಮೀ., ಅಗಲ 14 ಮಿ.ಮೀ.
• 6.00-16 ಅಳತೆಯ ಮುಂದಿನ ಟೈರು: ಎತ್ತರ ಸುಮಾರು 3 ಸೆಂ.ಮೀ., ಅಗಲ 6ರಿಂದ 7 ಮಿ.ಮೀ.
• 165 ಸೆಂ.ಮೀ. ಎತ್ತರದ ಮನುಷ್ಯ: 6.9 ಸೆಂ.ಮೀ.
• 30 ಸೆಂ.ಮೀ. ಉದ್ದದ ಪಾನಾ: 12.5 ಮಿ.ಮೀ.
• ಒಂದು ಅಡಿ ಅಂತರದ ಕಡಲೆ ಸಾಲು: 12.5 ಮಿ.ಮೀ.
• 45 ಸೆಂ.ಮೀ. ಅಗಲದ ರೊಟ್ಟಿ ಬುಟ್ಟಿ: 19 ಮಿ.ಮೀ.

ಒಮ್ಮೆ ಅಳತೆ ನಿರ್ಧರಿಸಿದ ಮೇಲೆ ಚಹಾದ ಲೋಟದವರೆಗೆ ಎಲ್ಲವೂ ಅದೇ ಲೆಕ್ಕಕ್ಕೆ ಬರಬೇಕು. ಸಂತೆಯಲ್ಲಿ ಸಿಕ್ಕ ಪ್ಲಾಸ್ಟಿಕ್ ಎತ್ತು ಅಂದವಾಗಿದೆ ಎಂದು ತಂದಿಟ್ಟರೆ, ಅದೊಂದೇ ಅಳತೆ ತಪ್ಪಿ ಇಡೀ ದೃಶ್ಯ ಆಟಿಕೆಯಾಗುತ್ತದೆ.

ಜೋಡಣೆ: ಕಾಗದದಲ್ಲೇ ತೀರ್ಮಾನವಾಗಲಿ

ಮೊದಲ ಕೃತಿಗೆ 40 x 30 ಸೆಂ.ಮೀ. ಹಲಗೆ ಸಾಕು. 1:24ರಲ್ಲಿ ಅದು 9.6 x 7.2 ಮೀಟರ್ ಹೊಲ. ಹಳೆಯ ಪ್ಯಾಕಿಂಗ್ ರಟ್ಟಿನಲ್ಲಿ ಟ್ರ್ಯಾಕ್ಟರಿನ ಗಾತ್ರದ ಪೆಟ್ಟಿಗೆ ಮಾಡಿ, ಜನರಿಗೆ ರಟ್ಟಿನ ಪಟ್ಟಿ ಕತ್ತರಿಸಿ, ಹಲಗೆಯ ಮೇಲೆ ಸರಿಸಾಡಿಸಿ ನೋಡಿ.

ಟ್ರ್ಯಾಕ್ಟರ್ ಹಲಗೆಯ ಅಂಚಿಗೆ ಸಮನಾಗಿ ನಿಲ್ಲಬಾರದು, ಸ್ವಲ್ಪ ಓರೆಯಾಗಿರಲಿ. ಬಿತ್ತಿದ ಸಾಲುಗಳೂ ಅದೇ ಓರೆಯಲ್ಲಿ ಟ್ರ್ಯಾಕ್ಟರಿನ ಹಿಂದಿನಿಂದಲೇ ಬರಬೇಕು, ಬಿತ್ತಿದ್ದು ಅದೇ ಕೂರಿಗಿ ತಾನೇ. ಕಳಚಿದ ಗಾಲಿಯ ಬದಿ ನೋಡುವವರ ಕಡೆಗಿರಲಿ. ಹಲಗೆಯ ಒಂದು ಭಾಗವನ್ನು ಬರಿ ನೆಲವಾಗಿಯೇ ಬಿಡಿ. ನವಲಗುಂದ, ಅಣ್ಣಿಗೇರಿಯ ಹೊಲ ಎಂದರೆ ಕಣ್ಣು ಹಾಯುವವರೆಗೆ ಬಯಲು. ಆ ಬಯಲು ಕಾಣದೆ ಗಿಡಮರ ತುಂಬಿದರೆ ಊರೇ ಬದಲಾಗುತ್ತದೆ. ಬದುವಿನ ಮೇಲೆ ಒಂದು ಜಾಲಿ ಮರ ಬೇಕಾದಷ್ಟಾಯಿತು. ಐದು ಮೀಟರ್ ಮರ ಮಾದರಿಯಲ್ಲಿ 21 ಸೆಂ.ಮೀ. ಆಗುತ್ತದೆ. ಅದನ್ನು ಹಿಂದಿನ ಮೂಲೆಗೆ ಇಡಿ.

ಜೋಡಣೆ ಸರಿಯಾಯಿತೇ ಎಂದು ನೋಡಲು ಮೊಬೈಲಿನ ಕ್ಯಾಮೆರಾವನ್ನು ನೆಲದಿಂದ ಸುಮಾರು ಆರೂವರೆ ಸೆಂಟಿಮೀಟರ್ ಎತ್ತರಕ್ಕೆ ಹಿಡಿಯಿರಿ. ಅದು ಆ ಪುಟ್ಟ ಹೊಲದಲ್ಲಿ ನಿಂತವನ ಕಣ್ಣಿನ ಎತ್ತರ. ಅಲ್ಲಿಂದ ಮಿಸ್ತ್ರಿಯ ಕೈ, ಹಬ್, ರೈತನ ಮುಖ ಮೂರೂ ಕಂಡರೆ ಜೋಡಣೆ ಗೆದ್ದಂತೆ.

ಟ್ರ್ಯಾಕ್ಟರ್ ಕಟ್ಟುವುದು

ಹಿಂದಿನ ಟೈರಿಗೆ ಹಳೆಯ ಹವಾಯಿ ಚಪ್ಪಲಿಯಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಹಳ್ಳಿಯ ಮಕ್ಕಳು ಚಪ್ಪಲಿ ಕತ್ತರಿಸಿ ಗಾಡಿಯ ಗಾಲಿ ಮಾಡುತ್ತಲೇ ಬಂದಿದ್ದಾರೆ. ಅಟ್ಟೆಯ ದಪ್ಪ ಹೆಚ್ಚುಕಡಿಮೆ 15 ಮಿ.ಮೀ., ನಮಗೆ ಬೇಕಾದ್ದು 14. ವೃತ್ತ ಕತ್ತರಿಸಿ, ಅಂಚನ್ನು ಪಾಲಿಶ್ ಕಾಗದದಿಂದ ದುಂಡಗೆ ಮಾಡಿ. ಸೈಕಲ್ ಟ್ಯೂಬಿನ ಸಣ್ಣ ಪಟ್ಟಿಗಳನ್ನು ಓರೆಯಾಗಿ ಅಂಟಿಸಿದರೆ ಹಲ್ಲುಗಳಾಗುತ್ತವೆ. ಹಲ್ಲಿನ ದಿಕ್ಕು ತಪ್ಪಬಾರದು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಪ್ರತಿ ಜೋಡಿ ಹಲ್ಲಿನ ಮೂತಿ ಮೇಲಕ್ಕೆ ಇರಬೇಕು. ಮುಂದೆ ಚಲಿಸುವಾಗ ಮೂತಿಯೇ ಮೊದಲು ನೆಲ ಕಚ್ಚುತ್ತದೆ, ಮಣ್ಣು ಎರಡೂ ಬದಿಗೆ ಜಾರಿ ಹೊರಬೀಳುತ್ತದೆ. ಮುಂದಿನ ಟೈರಿಗೆ ಇಂಥ ಹಲ್ಲಿಲ್ಲ. ಸುತ್ತಲೂ ಓಡುವ ಏಣುಗಳಿರುತ್ತವೆ, ಟ್ಯೂಬಿನ ತೆಳು ಪಟ್ಟಿ ಸುತ್ತಿದರೆ ಸಾಕು.

ಎಂಜಿನ್, ಗೇರ್‌ಬಾಕ್ಸ್, ಬಾನೆಟ್‌ಗಳನ್ನು ಸನ್‌ಬೋರ್ಡ್ ಇಲ್ಲವೇ ದಪ್ಪ ರಟ್ಟಿನ ಪದರಗಳಿಂದ ಕಟ್ಟಿ, ಮೂಲೆಗಳಿಗೆ ಎಂ-ಸೀಲ್ ತುಂಬಿ ತಿದ್ದಿ. ಮಡ್ಗಾರ್ಡಿಗೆ ತಂಪುಪಾನೀಯದ ಡಬ್ಬಿಯ ತಗಡು ಚೆನ್ನಾಗಿ ಬಾಗುತ್ತದೆ. ಅದನ್ನು ಕತ್ತರಿಸುವಾಗ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಬಾಲ್‌ಪೆನ್ನಿನ ರೀಫಿಲ್ ಸೈಲೆನ್ಸರ್ ಕೊಳವೆಗೆ, ಬಿಡಿಸಿದ ವೈರಿನ ತಾಮ್ರದ ಎಳೆ ಡೀಸಲ್ ಪೈಪಿಗೆ, ಗುಂಡುಪಿನ್ನಿನ ತಲೆ ನಟ್ಟು-ಬೋಲ್ಟಿಗೆ ಆಗುತ್ತದೆ. ಜಾಕಿಗೆ ಪೆನ್ನಿನ ಹಳೆಯ ಕೊಳವೆಯ ತುಂಡು ಸಾಕು.

ಕಳಚಿದ ಗಾಲಿಯ ಜಾಗದಲ್ಲಿ ಕಾಣುವ ಆಕ್ಸಲ್ ತುದಿಗೆ ಹೆಚ್ಚು ಸಮಯ ಕೊಡಿ. ನೋಡುವವರ ಕಣ್ಣು ನಿಲ್ಲುವುದು ಅಲ್ಲೇ. ಬಾನೆಟ್ಟಿನ ಒಳಗೆ ಮರೆಯಾಗುವ ಎಂಜಿನ್ ಭಾಗಗಳು ಈ ದೃಶ್ಯದಲ್ಲಿ ಕಾಣುವುದಿಲ್ಲ, ಅವನ್ನು ಕಟ್ಟುವ ಶ್ರಮ ಬೇಡ.

ಎರೆಮಣ್ಣನ್ನು ಪಳಗಿಸುವುದು

ಈ ಕೃತಿಯ ಜೀವ ಮಣ್ಣಿನಲ್ಲಿದೆ, ತೊಡಕೂ ಅಲ್ಲೇ ಇದೆ. ಎರೆ ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಜೇಡಿ. ಹಾಗೇ ಹಲಗೆಗೆ ಬಳಿದರೆ ಒಣಗಿದಂತೆ ಸೀಳಿ ಎದ್ದು ಬರುತ್ತದೆ.

ಮಣ್ಣು ತಂದ ಮೇಲೆ ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ. ನೀರಾವರಿ ಹೊಲದ ಮಣ್ಣಿನಲ್ಲಿ ಸವಳು ಇರಬಹುದು. ಹಾಗೇ ಬಳಸಿದರೆ ಕೆಲ ದಿನಗಳಲ್ಲಿ ಮೇಲೆ ಬಿಳಿ ಪುಡಿ ಏಳುತ್ತದೆ. ಆದ್ದರಿಂದ ಬಕೆಟ್ ನೀರಿನಲ್ಲಿ ಕದಡಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿ ಬಸಿದು ತೆಗೆಯಿರಿ. ಎರಡು ಮೂರು ಸಲ ಹೀಗೆ ಮಾಡಿ ಮತ್ತೆ ಒಣಗಿಸಿ. ಕೊನೆಗೆ ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ಹುಳುವಿನ ಮೊಟ್ಟೆ, ಕಳೆಯ ಬೀಜ ಸಾಯುತ್ತವೆ.

12 ಮಿ.ಮೀ. ಪ್ಲೈವುಡ್ಡಿನ ಮೇಲೆ ಥರ್ಮಾಕೋಲ್ ಅಂಟಿಸಿ ಬದುವಿನ ಎತ್ತರ ತೆಗೆಯಿರಿ. ಅದರ ಮೇಲೆ ಕಾಗದದ ರದ್ದಿ, ಫೆವಿಕಾಲ್, ಸ್ವಲ್ಪ ನಯ ಮರಳು ಕಲಸಿದ ಅಸ್ತರ ಬಳಿದು ಪೂರ್ತಿ ಒಣಗಲು ಬಿಡಿ. ಮೇಲ್ಪದರಕ್ಕೆ ಮಾತ್ರ ಎರೆಮಣ್ಣು, ನೀರು ಬೆರೆಸಿದ ಫೆವಿಕಾಲ್, ಒಂದಿಷ್ಟು ಮರಳು. ಬಿತ್ತನೆಯ ಹಂಗಾಮಿನ ನೆಲದಲ್ಲಿ ದೊಡ್ಡ ಬಿರುಕು ಇರುವುದಿಲ್ಲ, ಈ ಮಿಶ್ರಣ ಅದಕ್ಕೆ ಸರಿಹೊಂದುತ್ತದೆ.

ಬೇಸಿಗೆಯ ಬಿರಿದ ಹೊಲ ಬೇಕಾದರೆ ಅಂಟು ಹಾಕದ ಬರಿ ಎರೆಯನ್ನು ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಬಳಿದು ಬಿಸಿಲಿಗಿಡಿ. ಪದರ ತೆಳುವಾದಷ್ಟೂ ಬಿರುಕಿನ ಜಾಲ ಕಿರಿದಾಗುತ್ತದೆ, ದಪ್ಪವಾದಷ್ಟೂ ಹಿರಿದಾಗುತ್ತದೆ. ಹೀಗೆ ಬಿರುಕಿನ ಅಳತೆಯನ್ನೂ ನೀವೇ ನಿರ್ಧರಿಸಬಹುದು. ಹೊಲದಲ್ಲಿ ಐದು ಸೆಂಟಿಮೀಟರ್ ಅಗಲದ ಬಿರುಕು ಮಾದರಿಯಲ್ಲಿ ಎರಡು ಮಿಲಿಮೀಟರ್. ಒಣಗಿದ ಮೇಲೆ ತೆಳುವಾದ ಫೆವಿಕಾಲ್ ನೀರನ್ನು ಮಂಜಿನಂತೆ ಸಿಂಪಡಿಸಿ ಗಟ್ಟಿ ಮಾಡಿ.

ಮೇಲ್ಪದರ ಹಸಿ ಇರುವಾಗಲೇ ಮೂರು ಕೆಲಸ ಮುಗಿಯಬೇಕು. ಹಳೆಯ ಬಾಚಣಿಗೆಯ ಹಲ್ಲುಗಳನ್ನು 12.5 ಮಿ.ಮೀ. ಅಂತರಕ್ಕೆ ಮುರಿದು ಸಾಲು ಎಳೆಯಿರಿ. ಬಿತ್ತದ ಭಾಗಕ್ಕೆ ಎರಡು ಮಿಲಿಮೀಟರಿನ ಹೆಂಟೆಗಳನ್ನು ಉದುರಿಸಿ. ಮಾಡಿಟ್ಟ ಹಿಂದಿನ ಗಾಲಿಯನ್ನು ಟ್ರ್ಯಾಕ್ಟರ್ ಬಂದ ದಾರಿಯಲ್ಲೇ ಮುಂದಕ್ಕೆ ಉರುಳಿಸಿ ಗುರುತು ಮೂಡಿಸಿ. ಗುರುತಿನಲ್ಲಿ ಹಲ್ಲಿನ ಮೂತಿ ಟ್ರ್ಯಾಕ್ಟರ್ ಬಂದ ದಿಕ್ಕಿಗೆ ತಿರುಗಿರುತ್ತದೆ. ಟೈರನ್ನು ಸರಿಯಾಗಿ ಮಾಡಿದ್ದರೆ ಅದು ತಾನಾಗಿಯೇ ಸರಿ ಬರುತ್ತದೆ.

ದೃಶ್ಯವನ್ನು ಬೇರೆ ತಾಲ್ಲೂಕಿನಲ್ಲಿ ಇಡುವುದಾದರೆ ನೆಲ ಬದಲಾಗಬೇಕು. ಕುಂದಗೋಳದ ಕಡೆ ಹತ್ತಿ, ಮೆಣಸಿನಗಿಡದ ಸಾಲು ಹಾಕಬಹುದು. ಕಲಘಟಗಿಯಾದರೆ ಮಲೆನಾಡಿನ ಸೆರಗು: ಕೆಂಪು ಮಣ್ಣು, ಭತ್ತದ ಗದ್ದೆ, ಹಿಂದೆ ಹಸಿರು ಹೆಚ್ಚು.

ಜನ

ಮೂರು ಅಥವಾ ನಾಲ್ಕು ಜನ ಸಾಕು. ತಾಮ್ರದ ತಂತಿಯ ಎಲುಬು ಕಟ್ಟಿ, ಎಂ-ಸೀಲ್ ಇಲ್ಲವೇ ಒಣಗಿ ಗಟ್ಟಿಯಾಗುವ ಜೇಡಿ ತುಂಬಿ. ನಿಮ್ಮೂರಿನಲ್ಲಿ ಮಣ್ಣೆತ್ತು, ಗಣಪತಿ ಮಾಡುವ ಕುಂಬಾರರಿದ್ದರೆ ಅವರ ಹತ್ತಿರ ಕುಳಿತು ಕಲಿಯಿರಿ. ಮೈಯ ತೂಕ ಯಾವ ಕಾಲಿನ ಮೇಲಿದೆ ಎಂಬುದನ್ನು ಅವರ ಬೆರಳುಗಳು ಬಲ್ಲವು.

ಮಿಸ್ತ್ರಿ ಕುಕ್ಕರುಗಾಲಲ್ಲಿ ಕುಳಿತಿರಲಿ, ಮೊಳಕೈವರೆಗೆ ಗ್ರೀಸ್ ಇರಲಿ. ಪಕ್ಕದಲ್ಲಿ ಪಾನಾ ಎತ್ತಿ ಕೊಡುವ ಹುಡುಗ. ರೈತ ನಿಂತಿದ್ದಾನೆ: ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಅವನ ಕಣ್ಣು ಹಬ್ಬಿನ ಮೇಲಿರಬಹುದು, ಬಿತ್ತದೆ ಉಳಿದ ಹೊಲದ ಮೇಲೂ ಇರಬಹುದು. ಎರಡನೆಯದು ಕತೆಯನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಬದುವಿನ ಮೇಲೆ ಇಳಕಲ್ ಸೀರೆಯುಟ್ಟು ರೊಟ್ಟಿ ಬುಟ್ಟಿ ಹೊತ್ತು ಬರುವ ತಾಯಿಯೊಬ್ಬಳು ಇದ್ದರೆ ಹೊತ್ತು ಮಧ್ಯಾಹ್ನಕ್ಕೆ ಹೊರಳಿದೆ, ಕೆಲಸ ಇನ್ನೂ ಮುಗಿದಿಲ್ಲ ಎಂದು ತಿಳಿಯುತ್ತದೆ. ಯಾರೂ ಕ್ಯಾಮೆರಾ ನೋಡಿದಂತೆ ನೋಡುವವರ ಕಡೆ ತಿರುಗಬಾರದು.

ಬಣ್ಣ, ಧೂಳು, ಎಣ್ಣೆ

ಅಕ್ರಿಲಿಕ್ ಬಣ್ಣಗಳು ತಾಲ್ಲೂಕಿನ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತವೆ. ಮೊದಲು ರೆಡ್ ಆಕ್ಸೈಡ್ ಬಣ್ಣದ ಅಸ್ತರ, ಅದರ ಮೇಲೆ ಕಂಪನಿಯ ಬಣ್ಣ. ಬಳಿಕ ತುಕ್ಕು ಕಾಣಬೇಕಾದ ಅಂಚುಗಳಲ್ಲಿ ಮೇಲಿನ ಬಣ್ಣವನ್ನು ಮೆಲ್ಲಗೆ ಕೆರೆದರೆ ಅಸ್ತರ ಇಣುಕುತ್ತದೆ. ಬಾನೆಟ್ಟಿನ ಮೇಲ್ಭಾಗ ಬಿಸಿಲಿಗೆ ಮಾಸಿರುತ್ತದೆ, ಪೆಡಲ್ ಮತ್ತು ಸ್ಟೇರಿಂಗ್ ಕೈಕಾಲು ತಾಗಿ ಮಿರುಗುತ್ತವೆ. ಡೀಸಲ್ ಸೋರುವ ಕಡೆ ಧೂಳು ಅಂಟಿ ಕಪ್ಪಾಗಿರುತ್ತದೆ. ಹಳೆಯ ಗ್ರೀಸ್ ಕಪ್ಪು, ಹೊಸದು ಜೇನಿನ ಬಣ್ಣ. ಈ ಎರಡು ಬಣ್ಣ ಅಕ್ಕಪಕ್ಕ ಕಂಡರೆ ದುರಸ್ತಿ ಯಾವ ಹಂತದಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಎರೆಮಣ್ಣು ಕುಗ್ಗಿದ ಅಳತೆಯಲ್ಲಿ ನಿಜಕ್ಕಿಂತ ಕಪ್ಪಾಗಿ ಕಾಣುತ್ತದೆ. ಸ್ವಲ್ಪ ಬೂದಿ ಬೆರೆಸಿ ತಿಳಿ ಮಾಡಿ. ಗಾಲಿ ಕೆದರಿದ ಕಡೆ, ಸಾಲಿನ ತಳದಲ್ಲಿ ಮಾತ್ರ ಗಾಢವಾಗಿರಲಿ. ಮೇಲೆ ಒಣಗು, ಒಳಗೆ ಹಸಿ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಟ್ರ್ಯಾಕ್ಟರಿಗೆ ಹತ್ತಿದ ಧೂಳೂ ಅದೇ ಮಣ್ಣಿನದಾಗಿರಬೇಕು. ಮುಂದೆ ದೇವರ ಹೆಸರು ಬರೆಯಬಹುದು. ನಂಬರ್ ಪ್ಲೇಟಿಗೆ ಯಾರದೋ ನಿಜವಾದ ನಂಬರ್ ಬರೆಯಬೇಡಿ.

ಟ್ಯಾಂಕೇ ಬೇಕೆನ್ನುವವರಿಗೆ

ಟ್ರ್ಯಾಕ್ಟರ್ ಕೈಗೆ ಹತ್ತಿದ ಮೇಲೆ ಟ್ಯಾಂಕಿಗೆ ಹೋಗಿ. ಭಾರತದ ಕತೆಗೆ ಸೆಂಚುರಿಯನ್ ಒಳ್ಳೆಯ ಆಯ್ಕೆ. 1965ರ ಫಿಲ್ಲೋರಾ ಕದನದಲ್ಲಿ, 1971ರ ಡಿಸೆಂಬರಿನ ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ಪಡೆ ಈ ಟ್ಯಾಂಕುಗಳಲ್ಲಿ ಹೋರಾಡಿತು. ಬಸಂತರ್‌ನಲ್ಲಿ ಹುತಾತ್ಮರಾದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಟ್ಯಾಂಕಿನ ಹೆಸರು ಫಾಮಗುಸ್ತಾ. ಸುಮಾರು 50 ಟನ್ ತೂಕದ ಈ ಯಂತ್ರದ ಮೈ 7.6 ಮೀಟರ್ ಉದ್ದ, 1:35ರಲ್ಲಿ ಸುಮಾರು 22 ಸೆಂ.ಮೀ.

ಕ್ರಮ ಇಲ್ಲೂ ಅದೇ. ಚೈನ್ ಪಟ್ಟಿಯ ಪಿನ್ನು ತೆಗೆದು ಜೋಡಿಸುವಂಥ ಕೆಲಸವನ್ನು ಟ್ಯಾಂಕಿನ ಸಿಬ್ಬಂದಿಯೇ ಮಾಡುತ್ತಾರೆ. ಎಂಜಿನ್ ಎತ್ತುವುದಕ್ಕೆ ಕ್ರೇನ್ ಬೇಕು, ಅದು ಸೈನ್ಯದ ಯಂತ್ರ ದುರಸ್ತಿ ನೋಡಿಕೊಳ್ಳುವ ಇಎಂಇ ವಿಭಾಗದ ಕೆಲಸ. ಮೊದಲ ಟ್ಯಾಂಕ್ ದೃಶ್ಯಕ್ಕೆ ಚೈನ್ ಪಟ್ಟಿಯ ದುರಸ್ತಿ ಆರಿಸಿ. ನವಲಗುಂದದ ಕಪ್ಪು ಮಣ್ಣನ್ನು ಅಲ್ಲಿ ಬಳಸಬೇಡಿ. ಆ ಕದನಗಳು ನಡೆದದ್ದು ಪಂಜಾಬಿನ ಬಯಲಿನಲ್ಲಿ, ನದಿಗಳು ತಂದು ಹರಡಿದ ತಿಳಿಕಂದು ಮೆಕ್ಕಲು ಮಣ್ಣಿನ ಮೇಲೆ. ಟ್ಯಾಂಕನ್ನು ಹತ್ತಿರದಿಂದ ನೋಡಬೇಕೆಂದರೆ ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ.

ಕಾಪಾಡುವುದು, ತೋರಿಸುವುದು

ನವಲಗುಂದದಲ್ಲಿ ಗಾಳಿಯ ಧೂಳು, ಕಲಘಟಗಿಯಲ್ಲಿ ಮಳೆಗಾಲದ ತೇವ, ಎಲ್ಲ ಕಡೆ ಇಲಿ ಮತ್ತು ಗೆದ್ದಲು. ಒಣಹುಲ್ಲು, ಕಸಬರಿಗೆಯ ಕಡ್ಡಿ, ಗಿಡದ ಬೇರು ಬಳಸಿದ್ದರೆ ಮೊದಲೇ ಫೆವಿಕಾಲ್ ನೀರಿನಲ್ಲಿ ಅದ್ದಿ ಒಣಗಿಸಿರಬೇಕು. ಕಾಳು, ಜೋಳ, ಬೇಳೆಯನ್ನು ಹಾಗೇ ಅಂಟಿಸಿದರೆ ಹುಳು ಬೀಳುತ್ತದೆ. ಬೀಜದ ಚೀಲದಲ್ಲಿ ಕಾಣಬೇಕಾದ ಕಡಲೆಗೆ ಬಣ್ಣ ಹಚ್ಚಿದ ಮರಳು ಸಾಕು. ಗಾಜಿನ ಪೆಟ್ಟಿಗೆ ಮಾಡಿಸಿದರೆ ಕೃತಿ ಬಾಳುತ್ತದೆ.

ಪೆಟ್ಟಿಗೆಯ ಕೆಳಗೆ ಊರು, ತಿಂಗಳು, ಬೆಳೆ, ಕೆಟ್ಟ ಭಾಗ, ಅಳತೆ ಇಷ್ಟನ್ನು ಕನ್ನಡದಲ್ಲಿ ಬರೆದಿಡಿ. ಶಾಲೆಯ ಶಿಕ್ಷಕರಲ್ಲಿ ನನ್ನ ಮನವಿ: ಒಂಬತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಕೊಡಿ. ಅನುಪಾತ, ಮಣ್ಣಿನ ಗುಣ, ಯಂತ್ರದ ಕೆಲಸ ಮೂರನ್ನೂ ಅವರು ಕೈಯಾರೆ ಕಲಿಯುತ್ತಾರೆ. ಎತ್ತಿನ ಕೂರಿಗಿ ಹೊಲದಿಂದ ಸರಿಯುತ್ತಿದೆ, ನಾಳೆ ಈ ಟ್ರ್ಯಾಕ್ಟರುಗಳೂ ಹಳೆಯವಾಗುತ್ತವೆ. ತಪ್ಪು ತಿದ್ದುವ ಹಿರಿಯರು ಊರಿನಲ್ಲಿರುವಾಗಲೇ ಈ ದೃಶ್ಯಗಳು ದಾಖಲಾಗಬೇಕು.

ಕೃತಿ ಮುಗಿದ ಮೇಲೆ ಮೊದಲು ತೋರಿಸಬೇಕಾದದ್ದು ನಿಮ್ಮೂರಿನ ಟ್ರ್ಯಾಕ್ಟರ್ ಮಿಸ್ತ್ರಿಗೆ. ಅವರು ಬೇರಿಂಗ್, ಹಲಗೆ, ಜಾಕ್ ನೋಡಿ ತಲೆಯಾಡಿಸಿದರೆ ನಿಮ್ಮ ಡಯೋರಾಮಾ ಸರಿಯಾಗಿದೆ. ಅವರು ತಪ್ಪು ತೋರಿಸಿದರೆ ಬಿಚ್ಚಿ ತಿದ್ದಿ.